ಶ್ರೀಬಾಗ್ ಒಡಂಬಡಿಕೆ ಮತ್ತು ಕರ್ನೂಲು

ಗಡಿಯನ್ನು ಗುರುತಿಸಲು ಭಾಷೆ ನೆರವಾದೀತು. ರಾಜಧಾನಿಯನ್ನು ನಿರ್ಣಯಿಸಲು ಅದೊಂದೇ ಸಾಲದೆಂಬುದಕ್ಕೆ ಆಂಧ್ರವೇ ನಿದರ್ಶನ. ರಾಜಧಾನಿ, ಉಚ್ಚ ನ್ಯಾಯಾಲಯಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು ರಾಯಲಸೀಮೆಯದೆಂದು 1937ರ ಶ್ರೀಬಾಗ್ ಒಡಂಬಡಿಕೆಯಲ್ಲಿ ಕರಾವಳಿಯ ನಾಯಕರು ಒಪ್ಪಿದ್ದರು. ಅದರಂತೆ 1953ರಲ್ಲಿ ಮದರಾಸಿನಿಂದ ಬೇರ್ಪಟ್ಟ ಆಂಧ್ರಕ್ಕೆ ಕರ್ನೂಲು ರಾಜಧಾನಿಯಾಯಿತು. ನ್ಯಾಯಾಲಯವು ಗುಂಟೂರಿಗೆ ಸಂದಿತು. (ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುದೂ ಆಗಲೇ.) 1956ರಲ್ಲಿ ತೆಲಂಗಾಣವು ಕೂಡಿಕೊಂಡಾಗ ಎರಡೂ ಹೈದರಾಬಾದಿಗೆ ಸಾಗಿದವು. ಸಿದ್ಧವಾಗಿದ್ದ ಮಹಾನಗರವನ್ನು ಬಿಡುವವರಾರು? 2014ರಲ್ಲಿ ತೆಲಂಗಾಣವು ಪ್ರತ್ಯೇಕವಾದಾಗ ಹಳೆಯ ಮಾತನ್ನು ನಡೆಸಿಕೊಡಲು ಮತ್ತೊಮ್ಮೆ ಅವಕಾಶವೊದಗಿತ್ತು. ಆದರೆ ಉಚ್ಚ ನ್ಯಾಯಾಲಯವೂ 2019ರಲ್ಲಿ ಕೃಷ್ಣಾತೀರದ ಅಮರಾವತಿಯನ್ನೇ ಸೇರಿತು. ಡೇರೆಗಳಲ್ಲಿ ಕಚೇರಿಗಳಿಗೆ ಎಡೆಗೊಟ್ಟು ಮೂರು ವರ್ಷ ರಾಜಧಾನಿಯ ಭಾರ ಹೊತ್ತ ಕರ್ನೂಲಿಗೆ ಅದನ್ನಾದರೂ ಕೊಡಬೇಕಾಗಿತ್ತು.