ಗಾಳಿ ಹಾಕಿಸೋದು ರಿಪೇರಿ ಅಲ್ಲ ಗುರು

ಫೋಟೋದಲ್ಲಿರೋ ಟೈರ್ ನೋಡಿ. ಸರಿಯಾಗೇ ಇದೆ ಅನ್ಸುತ್ತಲ್ವಾ? ಇರಬೇಕಾದ್ದು 33 ಪಿಎಸ್‌ಐ, ಗೇಜ್ ತೋರಿಸಿದ್ದು 24. ರೇಡಿಯಲ್ ಟೈರಲ್ಲಿ ಇಷ್ಟು ಗಾಳಿ ಹೋದ್ರೂ ಕಣ್ಣಿಗೆ ಬೇಗ ಗೊತ್ತಾಗಲ್ಲ. ಕಾಲಲ್ಲಿ ಒದ್ದು "ಗಾಳಿ ಇದೆ ಬಿಡೋ" ಅನ್ನೋ ಪರೀಕ್ಷೆ ಇಲ್ಲಿ ನಡೆಯಲ್ಲ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ರಬ್ಬರ್ ಅದನ್ನೇ ಬಿಗಿಯಾಗಿ ಹಿಡ್ಕೊಳ್ಳುತ್ತೆ. ಗಾಳಿ ಒಂದೇ ಸಲ ಹೋಗಲ್ಲ, ದಿನಾ ಸ್ವಲ್ಪ ಸ್ವಲ್ಪ ಸೋರುತ್ತೆ. ಇದಕ್ಕೆ ನಮ್ಮವರು ಕಂಡ್ಕೊಂಡಿರೋ ಪರಿಹಾರ ಏನು? ವಾರಕ್ಕೊಂದ್ಸಲ ಬಂಕಲ್ಲಿ ಗಾಳಿ ಹಾಕಿಸೋದು. ಫ್ರೀ ಅಲ್ವಾ! ನನ್ನ ಪ್ರಕಾರ ಪಂಕ್ಚರ್‌ಗಿಂತ ಈ ಅಭ್ಯಾಸವೇ ಹೆಚ್ಚು ಅಪಾಯ. ಗಾಳಿ ಕಮ್ಮಿ ಇದ್ದಾಗ ಟೈರಿನ ಸೈಡ್‌ವಾಲ್ ಪ್ರತಿ ಸುತ್ತಿಗೂ ಜಾಸ್ತಿ ಮಡಚಿ ಬಿಚ್ಚಿ, ಬಿಸಿ ಏರುತ್ತಾ ಹೋಗುತ್ತೆ. ಕಾಲೇಜಿಗೆ ನಾಲ್ಕು ಕಿ.ಮೀ. ಹೋಗಿ ಬರೋವಾಗ ಏನೂ ಅನ್ಸಲ್ಲ. ಅದೇ ಕಾರಲ್ಲಿ ಐದು ಜನ, ಡಿಕ್ಕಿ ತುಂಬ ಲಗೇಜ್, ಬೇಸಿಗೆ ಮಧ್ಯಾಹ್ನ, ಮೈಸೂರು ಹೈವೇಲಿ ನೂರರ ಸ್ಪೀಡ್. ಟೈರ್ ಸಿಡಿಯೋದು ಇಂಥ ಕಡೆ.

ಪತ್ತೆ ಹಚ್ಚೋದು ಸುಲಭ. ಬೆಳಿಗ್ಗೆ, ಗಾಡಿ ತೆಗೆಯೋ ಮುಂಚೆ, ನಾಲ್ಕೂ ಟೈರ್ ಚೆಕ್ ಮಾಡಿ. ಎಷ್ಟಿರಬೇಕು ಅನ್ನೋದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ರ ಸ್ಟಿಕರಲ್ಲಿರುತ್ತೆ. ನಾಲ್ಕರಲ್ಲೂ ಒಂದೆರಡು ಕಮ್ಮಿ ಇದ್ರೆ ಮಾಮೂಲು. ಒಂದೇ ಟೈರ್ ಮತ್ತೆ ಮತ್ತೆ ಇಳೀತಿದ್ರೆ ಸೋಪು ನೀರು ಹಾಕಿ ನೋಡಿ: ಟ್ರೆಡ್ ಮೇಲೆ, ವಾಲ್ವ್ ಬಾಯಿಗೆ, ರಿಮ್ ಅಂಚಿಗೆ. ಗುಳ್ಳೆ ಬಂದಲ್ಲಿ ಸೋರಿಕೆ. ಎಷ್ಟೋ ಸಲ ಮೊಳೆಯೇ ಇರಲ್ಲ, ವಾಲ್ವ್ ಒಳಗಿನ ಪಿನ್ ಬದಲಿಸಿದ್ರೆ ಮುಗೀತು. ಮೊಳೆ ಕಂಡ್ರೆ ಮಾತ್ರ ದಯವಿಟ್ಟು ನೀವೇ ಕೀಳಬೇಡಿ. ಅದು ಇದ್ದಷ್ಟು ಹೊತ್ತು ಅಂಗಡಿ ತನಕ ಹೋಗೋಕೆ ಗಾಳಿ ಉಳಿಯುತ್ತೆ.

ಅಂಗಡೀಲಿ ಹೊರಗಿಂದ ಸ್ಟ್ರಿಪ್ ಚುಚ್ಚಿ ಐದು ನಿಮಿಷದಲ್ಲಿ ಕಳಿಸ್ತಾರೆ. ಊರು ಸೇರೋಕೆ ಸಾಕು. ಆದ್ರೆ ಟೈರ್ ಒಳಗೆ ಏನಾಗಿದೆ ಅಂತ ಯಾರೂ ನೋಡಿರಲ್ಲ. ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ರಿಮ್ಮಿಂದ ಬಿಚ್ಚಿಸಿ ಮಶ್ರೂಮ್ ಪ್ಯಾಚ್ ಹಾಕ್ಸಿ. ಒಳಗೆ ಕಪ್ಪು ರಬ್ಬರ್ ಪುಡಿ ಉದುರಿದ್ರೆ ಕಮ್ಮಿ ಗಾಳೀಲಿ ಓಡಿ ಸೈಡ್‌ವಾಲ್ ಸವೆದಿದೆ ಅಂತ ಅರ್ಥ; ಆ ಟೈರಿಗೆ ಪ್ಯಾಚ್ ಬೇಡ, ಬದಲಿಸಿ. ಸೈಡ್‌ವಾಲಲ್ಲೇ ತೂತು ಇದ್ರೂ, ಟ್ರೆಡ್ಡಲ್ಲಿ 6 ಮಿ.ಮೀ.ಗಿಂತ ದೊಡ್ಡದಿದ್ರೂ ಅದೇ ಕಥೆ. "ನಡೆಯುತ್ತೆ ಸಾರ್" ಅಂದ್ರೆ ಕೇಳ್ಬೇಡಿ.

"ನಾಲ್ಕು ಪಂಕ್ಚರ್ ಇದೆ" ಅಂತ ಯಾರಾದ್ರೂ ಅಂದ್ರೆ, ನಾಲ್ಕು ಕಡೆ ಗುಳ್ಳೆ ತೋರಿಸಿ ಅನ್ನಿ. ಪಕ್ಕದಲ್ಲೇ ನಿಂತ್ಕೊಳ್ಳಿ, ರೀಲ್ಸ್ ಆಮೇಲೆ ನೋಡ್ಬಹುದು.

ಈ ವೀಕೆಂಡ್ ಅಪ್ಪನ ಕಾರಲ್ಲಿ ಟ್ರಿಪ್ ಹೊರಟಿರೋರು ಗೇಜ್ ರೀಡಿಂಗ್ ಕಾಮೆಂಟಲ್ಲಿ ಹಾಕಿ. ನಾಲ್ಕೂ ಟೈರಿಂದು. ಸ್ಟೆಪ್ನೀದೂ.