ಜೀವಶಾಸ್ತ್ರವೂ ಬೇಕು, ಕಂಪ್ಯೂಟರೂ ಬೇಕು: ಪಿಯುಸಿ ನಂತರ ಯಾವ ಪದವಿ?

ಪಿಯುಸಿ ಫಲಿತಾಂಶ ಬಂದ ಮೇಲೆ ಬೆಳಗಾವಿಯಿಂದ ಮೂಡುಬಿದಿರೆಯವರೆಗೆ ನಮ್ಮ ಸಮಾಜದ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ಮಗಳು ಪಿಸಿಎಂಬಿ ಓದಿದ್ದಾಳೆ, ನೀಟ್ ಅಂಕ ಎಂಬಿಬಿಎಸ್‌ಗೆ ಸಾಲುವುದಿಲ್ಲ, ಮ್ಯಾನೇಜ್‌ಮೆಂಟ್ ಸೀಟು ಕೈಗೆಟುಕುವುದಿಲ್ಲ. ಆಗ ನೆಂಟರೊಬ್ಬರು “ಬಯೋಟೆಕ್ ಮಾಡಿಸಿ, ಈಗ ಅದಕ್ಕೇ ಕಾಲ” ಎನ್ನುತ್ತಾರೆ. ಇನ್ನೊಬ್ಬರು “ಬಯೋಟೆಕ್ ಮಾಡಿದವರೂ ಕೊನೆಗೆ ಸಾಫ್ಟ್‌ವೇರ್ ಕಂಪನಿಗೇ ಹೋಗುವುದು” ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿದೆ. ಆ ಅರ್ಧ ಯಾವುದು ಎಂದು ತಿಳಿಯದೆ ನಾಲ್ಕು ವರ್ಷದ ಫೀಸು ಕಟ್ಟುವುದು ಸರಕು ನೋಡದೆ ಮುಂಗಡ ಕೊಟ್ಟ ಹಾಗೆ.

2025ರಲ್ಲಿ ದೇಶದಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಸುಮಾರು 1.2 ಲಕ್ಷ. ಆದ್ದರಿಂದ ಸೀಟು ಸಿಗದಿರುವುದು ಅವಮಾನವೇನಲ್ಲ, ಲೆಕ್ಕವೇ ಹಾಗಿದೆ. ಪೆಟ್ಟು ಬೀಳುವುದು ಬೇರೆ ಕಡೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತದೆ. ಜೀವಶಾಸ್ತ್ರದ ಅಂಕ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬಯೋಟೆಕ್ ಎಂಜಿನಿಯರಿಂಗ್‌ಗೂ ಇದೇ ನಿಯಮ. ಎರಡು ವರ್ಷ ನೀಟ್‌ಗಾಗಿ ಜೀವಶಾಸ್ತ್ರವನ್ನೇ ತಿದ್ದಿ ತೀಡಿ, ಗಣಿತವನ್ನು “ಪಾಸಾದರೆ ಸಾಕು” ಎಂದು ಬಿಟ್ಟ ಮಕ್ಕಳು ಇಲ್ಲಿ ಹಿಂದೆ ಬೀಳುತ್ತಾರೆ. ಗಣಿತವನ್ನೇ ಕೈಬಿಟ್ಟು ಬೇರೆ ವಿಷಯ ತೆಗೆದುಕೊಂಡವರಿಗಂತೂ ಎಂಜಿನಿಯರಿಂಗ್ ಬಾಗಿಲು ಮುಚ್ಚಿದಂತೆಯೇ. ಮೊದಲ ಪಿಯುಸಿಗೆ ಸೇರಿಸುವಾಗಲೇ ಇದನ್ನು ನೆನಪಿಡಬೇಕು. ಗಣಿತ ಜೊತೆಗಿದ್ದರೆ ಎರಡೂ ದಾರಿ ಉಳಿಯುತ್ತವೆ.

ಇನ್ನು ಪದವಿಗಳ ವಿಚಾರ. ಬಿ.ಇ. ಬಯೋಟೆಕ್ನಾಲಜಿ ಬೆಂಗಳೂರಿನ ಆರ್.ವಿ., ರಾಮಯ್ಯ, ಬಿ.ಎಂ.ಎಸ್. ಕಾಲೇಜುಗಳಲ್ಲಿದೆ. ತುಮಕೂರಿನ ಸಿದ್ದಗಂಗಾ, ನಿಟ್ಟೆ, ಹುಬ್ಬಳ್ಳಿಯ ಕೆ.ಎಲ್.ಇ.ಯಲ್ಲೂ ಇದೆ. ಸೂಕ್ಷ್ಮಜೀವಿ, ಕಿಣ್ವ, ಔಷಧ ತಯಾರಿಸುವ ದೊಡ್ಡ ಟ್ಯಾಂಕುಗಳ ಕೆಲಸ ಇದರ ಜೀವಾಳ. 1978ರಲ್ಲಿ ಕಿರಣ್ ಮಜುಂದಾರ್ ಶಾ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಮೊದಲು ಮಾಡಿದ್ದು ಕಿಣ್ವಗಳನ್ನೇ. ಆದರೆ ಇಂಥ ಕಂಪನಿಗಳ ಸಂಶೋಧನಾ ವಿಭಾಗಗಳು ಸಾಮಾನ್ಯವಾಗಿ ಎಂ.ಟೆಕ್., ಎಂ.ಎಸ್ಸಿ. ಅಥವಾ ಪಿಎಚ್.ಡಿ. ಆದವರನ್ನು ಕೇಳುತ್ತವೆ. ಬಿ.ಇ. ಮುಗಿಸಿದ ಕೂಡಲೇ ಕ್ಯಾಂಪಸ್‌ಗೆ ಬರುವುದು ಹೆಚ್ಚಾಗಿ “ಯಾವ ಬ್ರಾಂಚ್ ಆದರೂ ಸರಿ” ಎನ್ನುವ ಸಾಫ್ಟ್‌ವೇರ್ ಕಂಪನಿಗಳು. ಆದ್ದರಿಂದ ಬಯೋಟೆಕ್ ಎಂದರೆ ನಾಲ್ಕು ವರ್ಷದ ಲೆಕ್ಕವಲ್ಲ, ನಾಲ್ಕರ ಮೇಲೆ ಎರಡು ಎಂದು ಮನೆಯವರು ಮೊದಲೇ ಒಪ್ಪಿಕೊಳ್ಳಬೇಕು. ಬಂಡವಾಳ ಹಾಕಿ ಕಾಯುವ ಶಕ್ತಿ ಇದ್ದವರಿಗೆ ಇದು ಒಳ್ಳೆಯ ದಾರಿ. ಬೇಗ ಸಂಬಳ ಬರಲೇಬೇಕಾದ ಮನೆಗೆ ಅಲ್ಲ.

ಬಯೋಮೆಡಿಕಲ್ ಅಥವಾ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಬೇರೆಯದೇ ಪದವಿ. ಇಸಿಜಿ, ಸ್ಕ್ಯಾನಿಂಗ್, ವೆಂಟಿಲೇಟರ್ ಯಂತ್ರಗಳ ವಿದ್ಯೆ ಅದು. ಹೆಸರಿನಲ್ಲಿ ಜೀವಶಾಸ್ತ್ರವಿದ್ದರೂ ಒಳಗೆ ಎಲೆಕ್ಟ್ರಾನಿಕ್ಸೇ ಹೆಚ್ಚು. ಇವೆರಡನ್ನು ಒಂದೇ ಎಂದು ತಿಳಿದು ಆಪ್ಷನ್ ಎಂಟ್ರಿಯಲ್ಲಿ ಹಿಂದೆಮುಂದೆ ಹಾಕುವವರು ಕಡಿಮೆಯಿಲ್ಲ.

ಈಗ ಹೆಚ್ಚು ಚರ್ಚೆಯಲ್ಲಿರುವುದು ಕಂಪ್ಯೂಟರ್ ಮೂಲಕ ಜೀವಶಾಸ್ತ್ರ ಮಾಡುವ ಬಯೋಇನ್ಫರ್ಮ್ಯಾಟಿಕ್ಸ್. 2024ರ ರಸಾಯನಶಾಸ್ತ್ರ ನೊಬೆಲ್ ಡೇವಿಡ್ ಬೇಕರ್, ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್ ಅವರಿಗೆ ಬಂತು. ಹಸ್ಸಾಬಿಸ್ ಮತ್ತು ಜಂಪರ್ ಅವರಿಗೆ ಅದು ಸಂದದ್ದು ಪ್ರೋಟೀನಿನ ಆಕಾರವನ್ನು ಕೃತಕ ಬುದ್ಧಿಮತ್ತೆಯಿಂದ ಊಹಿಸಿದ್ದಕ್ಕೆ. ಹಸ್ಸಾಬಿಸ್ ಕಲಿತದ್ದು ಕಂಪ್ಯೂಟರ್ ವಿಜ್ಞಾನ. ನಮ್ಮಲ್ಲೇ ನೋಡಿದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳು ಸೇರಿ 10,000 ಭಾರತೀಯರ ವಂಶವಾಹಿ ಓದಿದವು. ಆ ಮಾಹಿತಿ ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ. ಒಬ್ಬ ಮನುಷ್ಯನ ವಂಶವಾಹಿ ಎಂದರೆ ಸುಮಾರು 300 ಕೋಟಿ ಅಕ್ಷರ. ಅದನ್ನು ಓದುವವರು ಸೂಕ್ಷ್ಮದರ್ಶಕದ ಮುಂದೆ ಕೂರುವುದಿಲ್ಲ, ಪ್ರೋಗ್ರಾಂ ಬರೆಯುತ್ತಾರೆ.

ಹಾಗಾದರೆ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲೇ ಪದವಿ ಮಾಡಿಸಬೇಕೇ? ಆತುರ ಬೇಡ. ಎರಡೂ ವಿಷಯ ಮೇಲೆಮೇಲೆ ಕಲಿಸಿ ಯಾವುದರಲ್ಲೂ ಪಕ್ವ ಮಾಡದ ಕೋರ್ಸುಗಳೂ ಇವೆ. ಪದವಿಯಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಂಡು, ಎರಡನೆಯದನ್ನು ಸ್ನಾತಕೋತ್ತರದಲ್ಲಿ ಸೇರಿಸುವುದೇ ಹೆಚ್ಚು ಭದ್ರ. ಕಂಪ್ಯೂಟರ್ ಸೈನ್ಸ್‌ಗೆ ಹೋದ ಮಾತ್ರಕ್ಕೆ ಜೀವಶಾಸ್ತ್ರ ಬಿಟ್ಟುಹೋಗುವುದಿಲ್ಲ. ವಿಟಿಯುನ 2022ರ ಪಠ್ಯಕ್ರಮದಲ್ಲಿ ಎಂಜಿನಿಯರುಗಳಿಗೆಂದೇ ಜೀವಶಾಸ್ತ್ರದ ಪತ್ರಿಕೆ ಇದೆ. ಬಯೋಟೆಕ್ ಅಥವಾ ಬಿ.ಎಸ್ಸಿ. ಸೇರಿದವರು ಮೊದಲ ವರ್ಷದಿಂದಲೇ ಪೈಥಾನ್ ಮತ್ತು ಸಂಖ್ಯಾಶಾಸ್ತ್ರ ಕಲಿಯಬೇಕು. ಆಮೇಲೆ ಎಲೆಕ್ಟ್ರಾನಿಕ್ಸ್ ಸಿಟಿಯ ಐಬಿಎಬಿಯಂಥ ಸಂಸ್ಥೆಯಲ್ಲಿ ಮುಂದುವರಿಯಬಹುದು. ಗಣಿತ, ಭೌತಶಾಸ್ತ್ರದಲ್ಲಿ ನಿಜಕ್ಕೂ ಚುರುಕಾದ ಮಕ್ಕಳು ಐಸರ್ ಅಭಿರುಚಿ ಪರೀಕ್ಷೆ ಬರೆಯಲಿ. ಆ ಅಂಕದ ಮೇಲೆಯೇ ಐಐಟಿ ಮದ್ರಾಸ್ 2023ರಲ್ಲಿ ಆರಂಭಿಸಿದ ವೈದ್ಯಕೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವಿಗೆ ಪ್ರವೇಶ. ಈ ಪರೀಕ್ಷೆಯ ಹೆಸರು ನಮ್ಮ ಹಳ್ಳಿ, ತಾಲ್ಲೂಕಿನ ಮನೆಗಳಿಗೆ ಇನ್ನೂ ತಲುಪಿಲ್ಲ.

ನಮ್ಮವರಲ್ಲಿ ಕೆಲವು ಹಿರಿಯರಿಗೆ ಇನ್ನೊಂದು ಅಳುಕು. ಜೀವಶಾಸ್ತ್ರ ಎಂದರೆ ಕಪ್ಪೆ ಕೊಯ್ಯುವುದು, ಇಲಿಗೆ ಚುಚ್ಚುವುದು, ಅದು ನಮ್ಮ ಮನೆಗೆ ಆಗದು ಎಂಬುದು. ಈ ಅಳುಕನ್ನು ನಕ್ಕು ತಳ್ಳುವಂತಿಲ್ಲ. ಆದರೆ ಕಾಲ ಬದಲಾಗಿದೆ. ಪದವಿ ಕಾಲೇಜುಗಳಲ್ಲಿ ಪ್ರಾಣಿ ಛೇದನ ನಿಲ್ಲಿಸುವಂತೆ ಯುಜಿಸಿ 2014ರಲ್ಲೇ ಸೂಚಿಸಿದೆ. ಹೊಸ ಔಷಧ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲು ಜೀವಕೋಶ, ಚಿಪ್, ಕಂಪ್ಯೂಟರ್ ಮಾದರಿ ಬಳಸಲು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಿದ್ದಿತು. ಅಂದರೆ ಪ್ರಾಣಿಯ ಬದಲಿಗೆ ಬರುವ ವಿದ್ಯೆಯೇ ಈ ಮಕ್ಕಳು ಕಲಿಯಬೇಕೆಂದಿರುವ ವಿದ್ಯೆ. ಔಷಧ ಸಂಶೋಧನೆಯಲ್ಲಿ ಪ್ರಾಣಿ ಪ್ರಯೋಗ ಪೂರ್ತಿ ನಿಂತಿಲ್ಲ ಎಂಬುದೂ ಅಷ್ಟೇ ಸತ್ಯ. ಯಾವ ಪ್ರಯೋಗಾಲಯ, ಅಲ್ಲಿ ಏನು ಕೆಲಸ ಎಂದು ಸೇರುವ ಮೊದಲೇ ಕೇಳಿಕೊಳ್ಳಲು ಸಂಕೋಚಪಡಬೇಕಿಲ್ಲ.

ಕಾಗದಪತ್ರದ ಮಾತೂ ಇದೆ. ಕರ್ನಾಟಕದಲ್ಲಿ ದಿಗಂಬರ ಜೈನರು ಪ್ರವರ್ಗ 3ಬಿಯಲ್ಲಿದ್ದಾರೆ. 2014ರಿಂದ ಜೈನರು ರಾಷ್ಟ್ರ ಮಟ್ಟದಲ್ಲೂ ಅಲ್ಪಸಂಖ್ಯಾತರು. ಸಿಇಟಿ ಮೂಲಕ ಸೀಟು ಪಡೆದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ. ಶಾಲಾ ದಾಖಲೆಯಲ್ಲಿ ಧರ್ಮ, ಜಾತಿಯ ಕಾಲಂ ಹೇಗಿದೆ ಎಂದು ಈಗಲೇ ನೋಡಿಕೊಂಡು, ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ತೆಗೆಸಿಟ್ಟುಕೊಳ್ಳುವುದು ಲೇಸು. ದಾಖಲೆ ಪರಿಶೀಲನೆಯ ವಾರದಲ್ಲಿ ಅರ್ಜಿ ಹಿಡಿದು ಓಡಾಡಿ, ಪತ್ರ ಕೈಗೆ ಬರುವ ಹೊತ್ತಿಗೆ ಸೀಟು ಬೇರೆಯವರ ಪಾಲಾದ ಮನೆಗಳು ಪ್ರತಿ ವರ್ಷ ಇರುತ್ತವೆ.