ಒಂದು ಘಟನೆ, ಎರಡು ಪಾಠ

2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿಯ ವಿದ್ಯುತ್ತು ಹೋಯಿತು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಮರುವರ್ಷದ ಮಾರ್ಚ್‌ನಲ್ಲಿ ನಮ್ಮ ಮಹಾರಾಷ್ಟ್ರದ ಗೃಹಸಚಿವ ಅನಿಲ್ ದೇಶಮುಖ್ ಸೈಬರ್ ವಿಧ್ವಂಸದ ಶಂಕೆ ಎತ್ತಿದರು. ಕೇಂದ್ರ ಇಂಧನ ಸಚಿವ ಆರ್.ಕೆ. ಸಿಂಗ್ ಅದನ್ನು ಮನುಷ್ಯರ ತಪ್ಪೆಂದರು. ಪುಣೆಯಲ್ಲಿ ಕುಳಿತ ನಮಗೆ ಎರಡೂ ನಂಬುವಂತೆಯೇ ಕೇಳಿಸಿದವು.

ಈಗ ವಿದ್ಯುತ್ ಜಾಲದ ಕಾವಲಿಗೆ ಭಾಷಾ ಮಾದರಿಗಳನ್ನು ನಿಲ್ಲಿಸುವ ಮಾತು ಕೇಳಿಬರುತ್ತಿದೆ. ನಾನು ವಿರೋಧಿಯಲ್ಲ. 2015ರ ಡಿಸೆಂಬರಿನಲ್ಲಿ ಉಕ್ರೇನಿನ ಜಾಲಕ್ಕೆ ನುಗ್ಗಿದವರು ಸಿಬ್ಬಂದಿಯದೇ ಪಾಸ್‌ವರ್ಡ್ ಬಳಸಿ, ಅವರ ಕಣ್ಣೆದುರೇ ಬ್ರೇಕರುಗಳನ್ನು ತೆರೆದರು. 2 ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಾದರು. ಬಿಡಿಯಾಗಿ ನೋಡಿದರೆ ಪ್ರತಿ ಆಜ್ಞೆಯೂ ಸರಿ, ಸಂದರ್ಭದಲ್ಲಿ ಮಾತ್ರ ತಪ್ಪು. ಅಂಥ ತಪ್ಪನ್ನು ಸಾವಿರಾರು ಸಾಲುಗಳ ನಡುವೆ ದಣಿಯದೆ ಹುಡುಕುವ ಓದುಗ ಬೇಕು.

ಆದರೆ ಈ ಓದುಗ ಕಥೆಗಾರನೂ ಹೌದು (ನಮ್ಮ ಬಳಗಕ್ಕೆ ಪರಿಚಿತ ಚಾಳಿ!). ಸಾಕ್ಷ್ಯ ಸಾಲದಿದ್ದರೂ ಸುಸಂಬದ್ಧ ಕಥೆ ಹೆಣೆದುಬಿಡುತ್ತದೆ. ಆದ್ದರಿಂದ ಶಂಕಿಸುವಾಗ ಮೂಲ ದಾಖಲೆಯ ಸಾಲನ್ನೂ ಅದು ತೋರಿಸಲೇಬೇಕು. ಬ್ರೇಕರಿನ ಗುಂಡಿ ಮಾತ್ರ ರಾತ್ರಿಪಾಳಿಯ ಎಂಜಿನಿಯರರ ಕೈಯಲ್ಲೇ ಇರಲಿ. ಸುಳ್ಳು ಶಂಕೆಗೆ ಲೈನು ಕಡಿದರೂ ಆಸ್ಪತ್ರೆಯಲ್ಲಿ ಕವಿಯುವುದು ಅದೇ ಕತ್ತಲೆ.